ಅತ್ತೆ ತೊಳೆದ ಚಿಪ್ಪುಗಳು

ಹಿಂದಿನ ಕೋಣೆಯಿಂದ,
ಹದಿನೇಳನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ಮಂಡಿನೋವು ಹೇಗಿದೆ? ಚಿಕ್ಕತ್ತೆಯ ಮನೆಯ ಆ ಕಡಿದಾದ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದೀರಿ? ಎರಡು ಸಲ ಎಂದು ಬರೆದರೆ ನಾನು ಆರು ಎಂದು ಓದಿಕೊಳ್ಳುತ್ತೇನೆ. ಬಿಳಿ ಮಾತ್ರೆ ಬೆಳಿಗ್ಗೆ, ಅರ್ಧ ಮುರಿದದ್ದು ರಾತ್ರಿ, ಅದಲುಬದಲು ಮಾಡಬೇಡಿ. ನಾನು ಚೆನ್ನಾಗಿದ್ದೇನೆ. ಪಕ್ಕದ ಮನೆಯ ನರ್ಸಮ್ಮ ದಿನಾ ಗೇಟಿನ ಹತ್ತಿರ ನಿಲ್ಲಿಸಿಕೊಂಡು ‘ಟೈಲರಮ್ಮ ಯಾವತ್ತು ಬರ್ತಾರೆ?’ ಎಂದು ಕೇಳುತ್ತಾರೆ. ಪಾಪ, ಎಷ್ಟು ಅಕ್ಕರೆ ಎಂದು ಎರಡು ದಿನ ಕರಗಿಹೋಗಿದ್ದೆ. ಮೂರನೆಯ ದಿನ ಗೊತ್ತಾಯಿತು, ಅವರ ಎರಡು ಯೂನಿಫಾರಂ ನಿಮ್ಮ ಹತ್ತಿರವೇ ಉಳಿದುಬಿಟ್ಟಿವೆಯಂತೆ. ಒಂದಕ್ಕೆ ತೋಳಿಲ್ಲ, ಇನ್ನೊಂದಕ್ಕೆ ಗುಂಡಿಯಿಲ್ಲ.

ನಿಮ್ಮ ಪತ್ರ ಗುರುವಾರ ಬಂತು. ಹಿರಿಯರ ವಸತಿಗೃಹದಲ್ಲಿ ಕೋಣೆ ಖಾಲಿಯಿದೆ, ತಿಂಗಳ ಕೊನೆಯೊಳಗೆ ಒಪ್ಪಿಗೆ ಹೇಳಬೇಕು, ಜೊತೆಗಿಟ್ಟ ಫಾರಂನಲ್ಲಿ ಪೆನ್ಸಿಲ್ ಗುರುತು ಹಾಕಿದ ಕಡೆ ನಾನು ಸಹಿ ಮಾಡಿ ಕಳಿಸಬೇಕು, ಹೊಲಿಗೆ ಮೆಷಿನ್ನನ್ನೂ ಉಣ್ಣೆ ಬಟ್ಟೆಗಳನ್ನೂ ಲಾರಿಗೆ ಹಾಕಬೇಕು. ಇಷ್ಟನ್ನೂ ದರ್ಜಿಯ ಅಳತೆಪುಸ್ತಕದ ಹಾಗೆ ಸಾಲಾಗಿ ಬರೆದಿದ್ದೀರಿ. ಕೊನೆಗೆ ಒಂದು ಸಾಲು: ‘ಮಗ ಇದ್ದಾಗಿನ ಮಾತೇ ಬೇರೆ, ಇನ್ನು ನಿನಗೆ ಅಂಟಿಕೊಂಡು ಕೂರೋದು ಚೆನ್ನಾಗಿರಲ್ಲ.’ ಆ ಸಾಲು ಓದಿದ ಮೇಲೆ ಫಾರಂ ಬಿಚ್ಚಲು ಕೈ ಬರಲಿಲ್ಲ. ಮಡಿಸಿದ್ದು ಮಡಿಸಿದ ಹಾಗೇ ಗಡಿಯಾರದ ಹಿಂದೆ ಇದೆ.

ಅತ್ತೆ, ಚಿಪ್ಪಿನ ವಿಷಯ ನಾವು ಮಾತಾಡಲೇ ಇಲ್ಲ. ಮ್ಯೂಸಿಯಮ್ಮಿನಿಂದ ನಾನು ಆ ಪೆಟ್ಟಿಗೆ ಮನೆಗೆ ತಂದದ್ದೇ ತಪ್ಪು. ಊಟದ ಮೇಜಿನ ಮೇಲೆ ಮುಚ್ಚಳ ತೆಗೆದಿಟ್ಟು ಹೊರಗೆ ಹೋದದ್ದು ಎರಡನೆಯ ತಪ್ಪು. ಮಣ್ಣು ಮೆತ್ತಿದ ಹಾಗೆ ಕಾಣುವ ನಲವತ್ತು ಚಿಪ್ಪು ಎದುರಿಗಿದ್ದರೆ, ಬಟ್ಟೆಯ ಮೇಲೆ ನೂಲಿನ ಚೂರು ಉಳಿದರೂ ಸಹಿಸದ ನೀವು ಸುಮ್ಮನಿರುತ್ತೀರಾ? ಸೋಪಿನ ನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಅದಕ್ಕೂ ಜಗ್ಗದ್ದನ್ನು ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಎಬ್ಬಿಸಿ, ಹನ್ನೊಂದು ಚಿಪ್ಪುಗಳನ್ನು ಟವೆಲ್ಲಿನ ಮೇಲೆ ಒಣಹಾಕಿದ್ದಿರಿ. ನಾನು ಒಳಗೆ ಕಾಲಿಟ್ಟಾಗ ನಿಮ್ಮ ಮುಖದಲ್ಲಿ ಎಂಥ ಹೆಮ್ಮೆ! ‘ನೋಡು, ಹೇಗೆ ಫಳಫಳ ಅಂತಿದೆ. ಇಷ್ಟು ಓದಿಕೊಂಡು ಇಷ್ಟು ಗಲೀಜು ಇಟ್ಕೊಂಡಿದೀಯಲ್ಲ!’ ಅದಕ್ಕೆ ನಾನು ಏನಂದೆ ಎಂಬುದು ನಿಮಗೂ ನೆನಪಿದೆ, ನನಗೂ ನೆನಪಿದೆ. ‘ನನ್ನ ಮನೇಲಿ ನನ್ನ ಸಾಮಾನು ಮುಟ್ಟೋಕೆ ನಿಮಗೆ ಯಾರು ಹೇಳಿದ್ರು?’ ನೀವು ಟವೆಲ್ಲು ಹಿಂಡಿ ತಂತಿಗೆ ಹಾಕಿದಿರಿ. ಎಂಟು ದಿನ ಬಿಟ್ಟು ‘ತಂಗಿಗೆ ಹುಷಾರಿಲ್ಲ’ ಎಂದು ಹೊರಟಿರಿ. ಹುಷಾರಿಲ್ಲದ ಚಿಕ್ಕತ್ತೆ ಫೋನಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದದ್ದು ನನಗೂ ಕೇಳಿಸಿತ್ತು.

ನೀವು ಗಲೀಜು ಎಂದುಕೊಂಡದ್ದು ಏನು ಎಂದು ಆವತ್ತೇ ಹೇಳಬೇಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೂರಿಸಿಕೊಂಡು ಹೇಳಿಲ್ಲ. ನೀವು ‘ಕಲ್ಲಮ್ಮ’ ಎಂದು ಛೇಡಿಸುವುದೂ ನಾನು ನಗುವುದೂ ಅಷ್ಟರಲ್ಲೇ ಮುಗಿಯುತ್ತಿತ್ತು. ಕೇಳಿ. ಈಗ ಕಲ್ಲಾಗಿರುವ ಆ ಚಿಪ್ಪುಗಳು ಬದುಕಿದ್ದು ಕೋಟ್ಯಂತರ ವರ್ಷಗಳ ಹಿಂದಿನ ಸಮುದ್ರದ ತಳದಲ್ಲಿ. ಕಣ್ಣು ಹಾಯಿಸಿದಷ್ಟೂ ಮೆತ್ತನೆಯ ಕೆಸರು. ಕೆಲವು ಪುಟ್ಟ ಜೀವಿಗಳಿಗೆ ಮಾತ್ರ ಬದುಕಲು ಗಟ್ಟಿಯಾದ ನೆಲ ಬೇಕು. ಇಲ್ಲದಿದ್ದರೆ ಕೆಸರಲ್ಲಿ ಹೂತುಹೋಗುತ್ತವೆ. ಆ ಕೆಸರಿನ ಮೇಲೆ ಅಂಗೈಯಷ್ಟು ಒಂದು ಚಿಪ್ಪು ಇದ್ದರೆ ಅದೇ ಅವುಗಳ ಊರು. ಒಂದು ಹುಳು ಬಂದು ಸುಣ್ಣದ ಕೊಳವೆ ಕಟ್ಟಿಕೊಳ್ಳುತ್ತದೆ. ಇನ್ನೊಂದು ಜೀವಿ ಕಸೂತಿಯ ಹಾಗೆ ಹಬ್ಬುತ್ತದೆ, ನೀವು ಕೊರಳಪಟ್ಟಿಗೆ ಹಾಕುತ್ತಿದ್ದ ಕಸೂತಿಗಿಂತಲೂ ಸಣ್ಣ ಕಣ್ಣು, ಒಂದೊಂದು ಕಣ್ಣಿಗೆ ಒಂದೊಂದು ಜೀವ. ಮರಿಚಿಪ್ಪುಗಳು ದೊಡ್ಡ ಚಿಪ್ಪಿನ ಬೆನ್ನೇರುತ್ತವೆ. ನನ್ನ ಕೆಲಸ ಚಿಪ್ಪಿನದಲ್ಲ, ಈ ಬಾಡಿಗೆದಾರರದು. ಯಾರು ಮೊದಲು ಬಂದರು, ಯಾರ ಮೇಲೆ ಯಾರು ಹಬ್ಬಿದರು, ಮುಖ್ಯವಾಗಿ, ಇವರೆಲ್ಲ ಬಂದಾಗ ಚಿಪ್ಪಿನೊಳಗಿನ ಯಜಮಾನ ಬದುಕಿದ್ದನೋ ಇಲ್ಲವೋ. ಒಳಮೈಯಲ್ಲಿ ಅಂಟಿದ್ದರೆ ಅನುಮಾನವೇ ಇಲ್ಲ, ಅದು ಖಾಲಿ ಮನೆ. ಹೊರಮೈಯಲ್ಲಿದ್ದರೆ ಹೇಳುವುದು ಕಷ್ಟ. ಎರಡು ವರ್ಷದಿಂದ ನನ್ನ ಟಿಪ್ಪಣಿಗಳಲ್ಲಿ ಹೊರಮೈಯವರ ಮುಂದೆಲ್ಲ ಒಂದೊಂದು ಪ್ರಶ್ನೆಚಿಹ್ನೆ.

ಮೊನ್ನೆ ಶುಕ್ರವಾರ ನೀವು ತೊಳೆದ ಹನ್ನೊಂದನ್ನೂ ‘ಹಾಳಾದವು’ ಎಂದು ಪಟ್ಟಿ ಬರೆಯಲು ಕೂತೆ. ಸುಳ್ಳು ಸಮಾಧಾನ ಹೇಳುವುದಿಲ್ಲ. ಹತ್ತು ನಿಜವಾಗಿಯೂ ಹಾಳಾಗಿವೆ. ಏಳನೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮಾತ್ರ ಕೈ ನಿಂತಿತು. ಹುಳುವಿನ ಕೊಳವೆಯನ್ನು ನೀವು ಒಂದು ಚೂರೂ ಮುರಿಯದೆ, ಒಳಕುಪ್ಪಸದ ಹೊಲಿಗೆ ಬಿಚ್ಚಿದ ಹಾಗೆ ಎತ್ತಿದ್ದಿರಿ. ಕೊಳವೆಯಿದ್ದ ಜಾಗದಲ್ಲಿ ಒಂದು ಕಾಲುವೆ ಕಂಡಿತು. ಚಿಪ್ಪು ಬೆಳೆಯುವುದು ಅಂಚಿನಲ್ಲಿ, ಒಂದೊಂದೇ ಗೆರೆಯಾಗಿ. ಹುಳು ಬಂದು ಕೂತದ್ದು ಆ ಅಂಚಿನಲ್ಲೇ. ಅಲ್ಲಿಯವರೆಗಿನ ಗೆರೆಗಳು ನೆಟ್ಟಗಿವೆ. ಆಮೇಲಿನ ಒಂದೊಂದು ಗೆರೆಯೂ ಕೊಳವೆಯ ಸುತ್ತ ಬಾಗಿ ಬಾಗಿ ಮುಂದೆ ಹೋಗಿದೆ. ಕೊಳವೆಯೂ ಚಿಪ್ಪಿನ ಜೊತೆ ಜೊತೆಗೇ ಉದ್ದವಾಗಿದೆ. ಎರಡೂ ಬದುಕಿದ್ದವು, ಅತ್ತೆ. ಸತ್ತ ಚಿಪ್ಪು ಯಾರಿಗೂ ಜಾಗ ಬಿಡುವುದಿಲ್ಲ. ಕೊಳವೆ ಅಲ್ಲೇ ಇದ್ದಿದ್ದರೆ ನಾನದನ್ನು ಸಾಯುವವರೆಗೂ ನೋಡುತ್ತಿರಲಿಲ್ಲ. ಅದನ್ನು ಎಬ್ಬಿಸುವ ಧೈರ್ಯ ನನಗಿಲ್ಲ. ನಮ್ಮ ಮುಖ್ಯಸ್ಥರು ಬಗ್ಗಿ ನೋಡಿ, ‘ಇದನ್ನ ಬಿಡಿಸಿದ್ಯಾರು?’ ಎಂದರು. ‘ನಮ್ಮತ್ತೆ’ ಎಂದೆ. ಅವರು ಮತ್ತೆ ಬಗ್ಗಿ ನೋಡಿ, ‘ಹತ್ತು ಹಾಳು ಮಾಡಿ ಒಂದು ಗೆದ್ದಿದ್ದಾರೆ, ನಮ್ಮ ಹುಡುಗರು ಹನ್ನೊಂದೂ ಹಾಳು ಮಾಡ್ತಾರೆ’ ಎಂದರು. ಅವರ ಬಾಯಲ್ಲಿ ಇದು ಬಿರುದು ಕೊಟ್ಟ ಹಾಗೆ.

ಆವತ್ತಿನಿಂದ ಒಂದೇ ಯೋಚನೆ. ಅಂಟಿಕೊಂಡು ಕೂರುವುದು ಎಂದು ಬರೆದಿರಲ್ಲ, ಮದುವೆಯಾಗಿ ಈ ಮನೆಗೆ ಬಂದು ಅಂಟಿಕೊಂಡವಳು ಯಾರು? ಎರಡು ಸೂಟ್‌ಕೇಸು, ಅದರಲ್ಲಿ ಒಂದರ ತುಂಬ ಕಲ್ಲು, ಇನ್ನೊಂದರಲ್ಲಿ ಪದ್ಯದ ಪುಸ್ತಕ. ‘ಸಾಲು ಅರ್ಧಕ್ಕೇ ನಿಂತಿದೆ, ಕವಿಗೆ ಬಟ್ಟೆ ಸಾಲದೆ ಹೋಯ್ತಾ?’ ಎಂದು ಕೇಳಿದ್ದಿರಿ ನೀವು. ಮರುದಿನ ನಾನು ಏಳುವಷ್ಟರಲ್ಲಿ ನಿಮ್ಮ ಕತ್ತರಿ ಮೇಜು ಗೋಡೆಯ ಬದಿಗೆ ಸರಿದಿತ್ತು. ಕಿಟಕಿಯ ಬೆಳಕಿನಲ್ಲಿ ನನ್ನ ಓದಿನ ಮೇಜಿಗೆ ಆಗುವಷ್ಟು ಜಾಗ. ಅಂದಿನಿಂದ ನೀವು ಹಗಲಲ್ಲೂ ದೀಪ ಹಾಕಿಕೊಂಡು ಹೊಲಿದಿರಿ. ನಿಮ್ಮ ಮಗ ಅದನ್ನು ಗಮನಿಸಿದ್ದರು, ನನಗೆ ಹೇಳಿಯೂ ಇದ್ದರು. ನಾನು ಈಗ, ಅವರು ತೀರಿಕೊಂಡು ಮೂರು ವರ್ಷವಾದ ಮೇಲೆ, ಆ ಕಿಟಕಿಯ ಪಕ್ಕ ಕೂತು ಇದನ್ನು ಬರೆಯುತ್ತಾ ಗಮನಿಸುತ್ತಿದ್ದೇನೆ.

‘ನನ್ನ ಮನೆ’ ಎಂದದ್ದು ತಪ್ಪು. ಅದಕ್ಕಿಂತ ದೊಡ್ಡ ಮಾತು ನನಗೆ ಬರೆಯಲು ಬರುತ್ತಿಲ್ಲ. ವಸತಿಗೃಹವೇ ಹಿತ ಎಂದು ನಿಮಗೆ ನಿಜವಾಗಿ ಅನ್ನಿಸಿದ್ದರೆ ತಡೆಯುವುದಕ್ಕೆ ನಾನು ಯಾರು? ನಿಮ್ಮ ಇಷ್ಟದಂತೆ ಆಗಲಿ. ಚಿಕ್ಕತ್ತೆಗೆ ನನ್ನ ನಮಸ್ಕಾರ ಹೇಳಿ, ಇಷ್ಟು ಬೇಗ ಹುಷಾರಾದದ್ದಕ್ಕೆ ಅಭಿನಂದನೆಯನ್ನೂ ತಿಳಿಸಿ. ತಣ್ಣೀರಲ್ಲಿ ಬಟ್ಟೆ ಒಗೆಯಬೇಡಿ.

ನಿಮ್ಮ ಆಶೀರ್ವಾದ ಬೇಡುವ,
ಕಲ್ಲಮ್ಮ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಕೊನೆಗೂ ಫಾರಂ ಬಿಚ್ಚಿದೆ. ‘ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು’ ಎಂಬಲ್ಲಿ ನನ್ನ ಹೆಸರು, ಗುಂಡಗೆ ಬರೆದಿದ್ದೀರಿ. ಅದರ ಪಕ್ಕ ‘ಸಂಬಂಧ’ ಎಂಬಲ್ಲಿ ‘ಪರಿಚಿತರು’ ಎಂದಿದೆ. ಅತ್ತೆ! ಇಪ್ಪತ್ತೆರಡು ವರ್ಷ ಒಂದೇ ಬಚ್ಚಲುಮನೆಗೆ ಜಗಳವಾಡಿದವರು ಪರಿಚಿತರೇ? ನಿಮ್ಮ ಪೆನ್ಸಿಲ್ ಗುರುತಿನ ನೇರ ಮೇಲೆ ‘ಈ ವಿವರಗಳೆಲ್ಲ ಸತ್ಯವೆಂದು ದೃಢೀಕರಿಸುತ್ತೇನೆ’ ಎಂದು ಅಚ್ಚಾಗಿದೆ. ಸುಳ್ಳಿಗೆ ನಾನು ಸಹಿ ಹಾಕುವವಳಲ್ಲ. ನಿಮ್ಮ ಇಷ್ಟ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿದೆ ಎಂದುಕೊಳ್ಳಿ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ನಿಮ್ಮ ಬ್ಯಾಗನ್ನು ಮೆಟ್ಟಿಲಿಳಿಸಲು ಹೋಗಬೇಡಿ, ನಾನೇ ಬಂದು ಎತ್ತಿಕೊಳ್ಳುತ್ತೇನೆ.