ಹೊಳೆಯ ಪಾಲು

ಗುರುವಾರ ಬೆಳಿಗ್ಗೆ

ರೀ,

ಮಾತಿನಲ್ಲಾದರೆ ಇಷ್ಟು ಅಂದರೆ ಸಾಕಿತ್ತು, ನೀವು ತಿರುಗಿ ನೋಡುತ್ತಿದ್ದಿರಿ. ಕಾಗದದಲ್ಲಿ ಬೇರೇನೆಂದು ಕರೆಯಬೇಕೋ ತಿಳಿಯದೆ ಅದನ್ನೇ ಬರೆದಿದ್ದೇನೆ. ನಾನು ಕ್ಷೇಮ, ನಿಮ್ಮ ಅಮ್ಮನೂ ಕ್ಷೇಮ. ನಮ್ಮ ಊರಿಗೆ ಹೊಳೆ ನುಗ್ಗಿದ ಸುದ್ದಿ ನಿಮಗೆ ಮುಟ್ಟಿರಬೇಕು. ಗಾಬರಿಯಾಗಬೇಡಿ. ನೀವು ಗಾಬರಿಯಾಗುತ್ತೀರಿ ಎಂದು ಇಷ್ಟು ವರ್ಷದ ಮೇಲೂ ಅಂದುಕೊಳ್ಳುವುದು ನನ್ನ ಹಳೆಯ ಚಾಳಿ.

ಬರೆಯುತ್ತಿರುವುದು ಮನೆಯ ವಿಷಯಕ್ಕೆ. ಹೊಳೆಸಾಲಿನ ಮನೆಗಳನ್ನೆಲ್ಲ ಕೆಡವಿ ಆ ಜಾಗವನ್ನು ಮತ್ತೆ ಹುಲ್ಲುಗಾವಲು ಮಾಡಬೇಕೆಂದು ನಗರಸಭೆ ನಿನ್ನೆ ತುರ್ತುಸಭೆ ಕರೆದು ತೀರ್ಮಾನಿಸಿದೆ. ಬದಲಿಗೆ ಮೇಲಿನ ವರ್ತುಲ ರಸ್ತೆಯಲ್ಲಿ ಮನೆ ಕೊಡುತ್ತಾರಂತೆ. ನಮ್ಮ ಮನೆ ಇಬ್ಬರ ಹೆಸರಿನಲ್ಲೂ ಇರುವುದರಿಂದ ನಿಮ್ಮ ಸಹಿಯೂ ಬೇಕು.

ಈ ಊರಿಗೆ ಅಜ್ಜ ಅಜ್ಜಿ ಇಲ್ಲ ಎಂದು ನೀವೇ ನಗುತ್ತಿದ್ದಿರಿ. ಆಚೆ ದಡದ ಪಟ್ಟಣದಲ್ಲಿ ಕಾಲಿಡಲು ಜಾಗವಿಲ್ಲದಂತಾದಾಗ, ಈಚೆ ದಡದ ಹೊಲಗಳ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದು ಮಾಡಿದ ಊರು. ಬಡಾವಣೆಗೊಂದು ಶಾಲೆ, ಮೂಲೆಗೊಂದು ಅಂಗಡಿ. ಒಂದು ಸಸಿ ನೆಡುವ ಮೊದಲೇ ಬೀದಿಗಳಿಗೆಲ್ಲ ಮರಗಳ ಹೆಸರು. ಆದರೆ ಗೆರೆ ಎಳೆದವರು ಹೊಳೆಯ ಪಕ್ಕದ ತಗ್ಗನ್ನು ಮಾತ್ರ ಮುಟ್ಟಿರಲಿಲ್ಲ. ಅದು ಹೊಳೆಯ ಪಾಲು ಎಂದು ಬಿಟ್ಟಿದ್ದರು. ವರ್ಷಗಟ್ಟಲೆ ನೀರು ಬರಲಿಲ್ಲ, ಊರಿಗೆ ಮರೆವು ಬಂತು. ಏರಿ ಕಟ್ಟಿ ಅದರ ಹಿಂದೆ ಸಾಲುಮನೆ ಎಬ್ಬಿಸಿದರು. ಆ ಕೆಲಸಕ್ಕೆ ನೀವೇ ಮೇಸ್ತ್ರಿ. ಕಿಟಕಿ ತೆಗೆದರೆ ಹೊಳೆ ಕಾಣುವ ಮನೆ ಬೇಕೆಂದು ಹಟ ಮಾಡಿ ಕೊಂಡಿದ್ದೂ ನೀವೇ.

ಸೋಮವಾರ ಮಧ್ಯಾಹ್ನ ನಗರಸಭೆಯ ಮೈಕಿನ ಕೋಣೆಯಲ್ಲಿದ್ದೆ. ನನ್ನ ಕೆಲಸ ನಿಮಗೆ ಗೊತ್ತಲ್ಲ. ಯಾವ ರಸ್ತೆ ಅಗೆದಿದ್ದಾರೆ, ಯಾರ ನಾಯಿ ಸಿಕ್ಕಿದೆ ಎಂದು ಕಂಬಕಂಬದ ಧ್ವನಿವರ್ಧಕಕ್ಕೂ ಸಾರುವುದು. ಇಂಜಿನಿಯರಮ್ಮ ಏದುಸಿರು ಬಿಡುತ್ತಾ ಬಂದರು.

"ಮೇಲಿನ ಅಣೆಕಟ್ಟಿಂದ ನೀರು ಬಿಟ್ಟಿದ್ದಾರೆ. ಹೊಳೆಸಾಲು ಪೂರ್ತಿ ಖಾಲಿ ಆಗ್ಬೇಕು. ದನಿ ನಡುಗಿಸ್ಬೇಡ, ಜನ ದಿಕ್ಕಾಪಾಲಾಗ್ತಾರೆ."

ನಡುಗಿಸದೆ ಓದಿದೆ. ಎಲ್ಲರೂ ಕೂಡಲೇ ಮನೆ ಬಿಟ್ಟು ಶಾಲೆಗೆ ಬನ್ನಿ ಎಂದು ಮತ್ತೆ ಮತ್ತೆ ಓದಿದೆ. ಓದುತ್ತಿದ್ದಂತೆ ಅಮ್ಮನ ನೆನಪಾಯಿತು. ಊರಿಗೆಲ್ಲ ಕೇಳುವ ನನ್ನ ದನಿ ನನ್ನ ಮನೆಗೇ ಕೇಳುವುದಿಲ್ಲ. ಅಮ್ಮನ ಕಿವಿ ಈಗ ಪೂರ್ತಿ ಮಂದ. ಗುಮಾಸ್ತರು ಬಂದು ಮೈಕು ಹಿಡಿದ ಮೇಲೆ, ಗಂಟು ಹೊತ್ತು ಬರುತ್ತಿದ್ದವರಿಗೆ ಎದುರಾಗಿ ಓಡಿದೆ.

ಅಮ್ಮ ಏನು ಮಾಡುತ್ತಿದ್ದರು ಗೊತ್ತೆ? ನೆಲ ಒರೆಸುತ್ತಿದ್ದರು. ನನ್ನನ್ನು ಕಂಡದ್ದೇ, "ನಲ್ಲಿ ಬಿಟ್ಟು ಹೋಗಿದ್ದೀಯಲ್ಲೇ, ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?" ಎಂದು ಬೈದರು. ಹೊಳೆ ಬಂದಿದೆ ಎಂದು ಕಿವಿಯ ಹತ್ತಿರ ಕೂಗಿದೆ. ನಂಬಲಿಲ್ಲ. ಬಾಗಿಲ ಹತ್ತಿರ ಕರೆದೊಯ್ದು ಬೀದಿ ತೋರಿಸಿದೆ. ನೋಡಿದರು, ಒಳಗೆ ಹೋಗಿ ಮಂಚದ ಮೇಲೆ ಕೂತುಬಿಟ್ಟರು.

"ನಾನು ಬರಲ್ಲ. ಅವನು ಬಂದ್ರೆ ಬೀಗ ನೋಡ್ಕೊಂಡು ವಾಪಸ್ ಹೋಗ್ತಾನೆ. ಮುಂದಿನ ತಿಂಗಳು ಅಂದಿದ್ದೆಯಲ್ಲ, ಮುಂಚೇನೇ ಬಂದ್ರೆ?"

ನೀವು ಆಗಾಗ ಫೋನ್ ಮಾಡುತ್ತೀರಿ, ಮುಂದಿನ ತಿಂಗಳು ಬರುತ್ತೀರಿ ಎಂದು ನಾನೇ ಹೇಳುತ್ತಾ ಬಂದಿದ್ದೆ. ಕಿವಿ ಕೇಳದವರು ಫೋನು ಕೊಡು ಎನ್ನುವ ಹಾಗಿಲ್ಲ. ನಿಮ್ಮ ಬಾಯಲ್ಲಿ ಒಳ್ಳೊಳ್ಳೆಯ ಮಾತನ್ನೇ ಆಡಿಸಿದ್ದೆ.

ಪಕ್ಕದ ಮನೆಯ ಗಡಿಯಾರದಂಗಡಿಯವರು ಮೊಣಕಾಲುದ್ದ ನೀರಿನಲ್ಲಿ ನಿಂತು, "ತಾಯಿ, ಜೀವ ಇದ್ರೆ ಬೇಡಿಯಾದ್ರೂ ತಿನ್ನಬಹುದು, ಏಳಿ" ಎಂದು ಅಂಗಲಾಚಿದರು. ಅಮ್ಮ ಮಂಚದ ಕಾಲು ಹಿಡಿದುಕೊಂಡರು. ನೀರು ಹಾಸಿಗೆಯ ಅಂಚು ಮುಟ್ಟುತ್ತಿತ್ತು. ನನಗೆ ದಾರಿ ಉಳಿಯಲಿಲ್ಲ.

"ಅವರು ಬರಲ್ಲಮ್ಮ! ಫೋನೂ ಮಾಡಿಲ್ಲ! ಅವರಿಗೆ ಅಲ್ಲಿ ಬೇರೆ ಸಂಸಾರ ಇದೆ, ಮಗೂ ಇದೆ! ನಾನು ಹೇಳಿದ್ದೆಲ್ಲ ಸುಳ್ಳು!"

ಅಮ್ಮನಿಗೆ ಕೇಳಬೇಕಾದರೆ ಬೀದಿಗೂ ಕೇಳಬೇಕು. ಮೈಕಿಲ್ಲದೆ ಸಾರಿದಂತಾಯಿತು. ಗಡಿಯಾರದಂಗಡಿಯವರು ಬೇರೆ ಕಡೆ ಮುಖ ತಿರುಗಿಸಿದರು.

ಅಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ ಹೇಳು" ಎಂದರು. ನಾನು ಬರೀ ತಲೆಯಾಡಿಸಿದೆ. ಆಮೇಲೆ ಎದ್ದರು. ಒರೆಸುವ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಮೊಳೆಗೆ ನೇತುಹಾಕಿ, "ನಡಿ" ಎಂದರು. ಎತ್ತಿಕೊಳ್ಳಲು ಬಿಡಲಿಲ್ಲ. ಬೀದಿಯ ಕೊನೆಯಲ್ಲಿ ಕಾಲು ಜಾರಿ ಕುತ್ತಿಗೆವರೆಗೆ ಮುಳುಗಿ ನೀರು ಕುಡಿದಾಗ ಮಾತ್ರ ನನ್ನ ಕೈ ಹಿಡಿದರು. ಆ ಹಿಡಿತದ ಗುರುತು ಮಣಿಕಟ್ಟಿನಲ್ಲಿ ಇನ್ನೂ ಇದೆ.

ಮಾರನೆಯ ದಿನ ಶಾಲೆಯಲ್ಲಿ ಅಮ್ಮ ಪಕ್ಕದ ಚಾಪೆಯವರಿಗೆ, "ಇವಳು ನನ್ನ ಸೊಸೆ, ಊರಿಗೆಲ್ಲ ಕೂಗಿ ಹೇಳೋಳು ಇವಳೇ" ಎಂದರು. ಹೊಗಳಿದರೋ ಚುಚ್ಚಿದರೋ ನನಗೆ ತಿಳಿಯಲಿಲ್ಲ. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಮಗು ಗಂಡೋ, ಹೆಣ್ಣೋ?"

ಗೊತ್ತಿಲ್ಲ ಎಂದೆ. ಅದಂತೂ ನಿಜ.

ನೀರು ಇಳಿಯುತ್ತಿದೆ. ಇನ್ನೊಮ್ಮೆ ಏರಬಹುದು ಎಂದು ಇಂಜಿನಿಯರಮ್ಮ ಹೇಳುತ್ತಾರೆ. ಕಾಗದಪತ್ರ ಕಳಿಸುತ್ತೇನೆ. ಸಹಿ ಹಾಕಿ ಅಂಚೆಗೆ ಹಾಕಿದರೆ ಸಾಕು, ನೀವು ಬರಬೇಕೆಂದೇನಿಲ್ಲ.

ಇಂತಿ,
ನಿಮ್ಮ ತಾಯಿಯ ಸೊಸೆ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದು ಅಮ್ಮ ಆಣೆ ಹಾಕಿಸಿಕೊಂಡದ್ದು. ಇದನ್ನು ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಹೊಳೆನೀರು ಅಮ್ಮನ ಎದೆಗೆ ಹೋಗಿದೆ, ನಿನ್ನೆಯಿಂದ ಉಸಿರಿಗೆ ಕಷ್ಟ. ಡಾಕ್ಟರು ನನ್ನ ಮುಖ ನೋಡಿ ಮಾತಾಡುತ್ತಿಲ್ಲ. "ಅವನನ್ನ ಕರೀಬೇಡ" ಎಂದಿದ್ದಾರೆ ಅಮ್ಮ; ನಾನು ಕರೆಯುತ್ತಿದ್ದೇನೆ. ಗಡಿಯಾರದಂಗಡಿಯವರ ಅಳಿಯ ನಿಮ್ಮ ಕಡೆಗೇ ಲಾರಿ ಹೊಡೆದುಕೊಂಡು ಹೊರಟಿದ್ದಾನೆ, ಇದನ್ನು ಅವನ ಕೈಗೇ ಕೊಡುತ್ತೇನೆ. ಅದೇ ಲಾರಿಯಲ್ಲಿ ಬನ್ನಿ. ಮಗುವನ್ನೂ ಅದರ ತಾಯಿಯನ್ನೂ ಕರೆತನ್ನಿ. ನೀವೆಲ್ಲ ಒಳಗೆ ಹೋದಾಗ ನಾನು ಹೊರಗೆ ಕೂತಿರುತ್ತೇನೆ.