ಒಣಕಡಲಿನ ಶನಿವಾರಗಳು

ಮಾರ್ಚ್ 4, ಸೋಮವಾರ

ಜಿಪ್ಪು ಆರು. ಪ್ಯಾಂಟು ಗಿಡ್ಡ ಮಾಡಿದ್ದು ನಾಲ್ಕು. ಒಂದು ಕೋಟಿನ ತೋಳು ಬಿಚ್ಚಿಟ್ಟಿದ್ದೇನೆ, ನಾಳೆಗೆ. ಮಧ್ಯಾಹ್ನ ಮಿಷನ್ ತುಳಿಯುತ್ತಿದ್ದಾಗಲೇ ಫೋನು ಗುಂಯ್ ಅನ್ನಲು ಶುರು. ಯಾರಿಗೋ ಏನೋ ಆಯ್ತು ಅಂತ ಮಿಷನ್ ನಿಲ್ಲಿಸಿದೆ. ನೋಡಿದರೆ ಒಣಕಡಲು ಆಟದ ಗುಂಪು. ಮುನ್ನೂರು ಮೆಸೇಜು.

ನಮ್ಮ ಕಾರ್ಡ್ ಆಟದ ಕಂಪನಿಯವರು ಪುಸ್ತಕ ತರುತ್ತಾರಂತೆ. ಲೋಕ ಅದೇ — ನೀರು ಬತ್ತಿದ ಸಮುದ್ರ, ಗಾಲಿ ಕಟ್ಟಿದ ಹಡಗು, ಉಪ್ಪಿನ ಊರು. ಆದರೆ ಕಾರ್ಡಿಲ್ಲ. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರ ಹಿಡಿದು, ನಾನು ಹೀಗೆ ಮಾಡ್ತೀನಿ, ಹಾಗೆ ಮಾಡ್ತೀನಿ ಅಂತ ಹೇಳುತ್ತಾ ಹೋಗಬೇಕು. ಆಗುತ್ತೋ ಇಲ್ಲವೋ ಅನ್ನೋ ಕಡೆ ದಾಳ. ರೋಲ್‌ಪ್ಲೇ ಅಂತೆ.

ಇಪ್ಪತ್ತೆರಡು ವರ್ಷ ಕೈಯಲ್ಲಿ ಆಡಿದ್ದನ್ನ ಈಗ ಬಾಯಲ್ಲಿ ಆಡು ಅಂದರೆ?

ಮೊದಲು ಅಣ್ಣನಿಗೆ ಹೇಳೋಣ ಅನ್ನಿಸಿತು. ನಂಬರ್ ಒತ್ತುವಷ್ಟರಲ್ಲಿ ನೆನಪಾಯಿತು. ಫೋನು ಇಟ್ಟುಬಿಟ್ಟೆ.

ಮಾರ್ಚ್ 6, ಬುಧವಾರ

ಗುಂಪಿನಲ್ಲಿ ಇನ್ನೂ ರಣರಂಗ. ಒಬ್ಬಳು ಖುಷಿಗೆ ಅತ್ತುಬಿಟ್ಟೆ ಅಂತ ಬರೆದಿದ್ದಾಳೆ. ಒಬ್ಬ ಹಳೇ ಕಾರ್ಡು ಸುಡುತ್ತಾನಂತೆ. ಗಡ್ಡ — ಅವನ ಮುಖ ಯಾರೂ ನೋಡಿಲ್ಲ, ಫೋಟೋದಲ್ಲಿ ಬರೀ ಗಡ್ಡ — ಒಬ್ಬನೇ ಹದಿನಾಲ್ಕು ಮೆಸೇಜು ಕುಟ್ಟಿದ್ದಾನೆ. "ಇಷ್ಟು ದಿನ ಕಾರ್ಡಿನ ಕೆಳಗೆ ಒಂದೇ ಸಾಲು ಬರೆದು ಮಿಕ್ಕಿದ್ದು ನಮಗೆ ಬಿಟ್ಟಿದ್ರು. ಈಗ ಮುನ್ನೂರು ಪುಟ ಬರೆದು ನಮ್ಮ ಬಾಯಿಗೆ ಬೀಗ ಹಾಕ್ತಾರೆ." ಹೆಡ್‌ಮಿಸ್ಸು ಅವನ ಕಾಗುಣಿತ ತಿದ್ದಿ ಸುಮ್ಮನಾದರು. ನಿವೃತ್ತಿಯಾಗಿ ಹತ್ತು ವರ್ಷ. ಕೆಂಪು ಪೆನ್ನು ಮಾತ್ರ ಕೆಳಗಿಟ್ಟಿಲ್ಲ.

ನಾನು ಗಡ್ಡದ ಪಕ್ಷ. ಅಣ್ಣನ ಕಾರ್ಡು ಒಂದಿದೆ, ದೀಪಸ್ತಂಭದ ಮುದುಕಿ. ಸಮುದ್ರ ಬತ್ತಿದ ಮೇಲೂ ದಿನಾ ದೀಪ ಹಚ್ಚುವವಳು. ಕೆಳಗೆ ಇರೋದು ಇಷ್ಟೇ: "ಎಣ್ಣೆ ಇದೆ. ಹಡಗಿನ ವಿಷಯ ಹಡಗಿನವರು ನೋಡಿಕೊಳ್ಳಲಿ." ಅವಳು ಯಾರಿಗೆ ಕಾಯ್ತಾಳೆ ಅಂತ ನಾನೂ ಅಣ್ಣನೂ ಹತ್ತು ವರ್ಷ ಜಗಳ ಆಡಿದ್ದೇವೆ. ಅದನ್ನ ಇನ್ಯಾರೋ ಬಂದು ಬರೆದು ಮುಗಿಸಬೇಕಾ?

ಮಾರ್ಚ್ 9, ಶನಿವಾರ

ಮೂರು ಗಂಟೆಗೆ ನಾವು ಮಾತ್ರೆ ಅಂತ ಕರೆಯೋ ಗೆಳೆಯನ ಔಷಧಿ ಅಂಗಡಿ, ಹಿಂದಿನ ಕೋಣೆ. ರಟ್ಟಿನ ಪೆಟ್ಟಿಗೆಗಳ ಮಧ್ಯೆ ಟೇಬಲ್ಲು, ಐದು ಕುರ್ಚಿ. ಮಾತ್ರೆ, ಹೆಡ್‌ಮಿಸ್ಸು, ಲಿಫ್ಟ್ ರಿಪೇರಿಯ ಲಿಫ್ಟು, ನಾನು. ಐದನೇದು ಅಣ್ಣನ ಕುರ್ಚಿ, ಅದರ ಮೇಲೆ ಹತ್ತಿ ಸುರುಳಿಗಳ ಪೆಟ್ಟಿಗೆ. ಯಾರು ಇಟ್ಟರೋ. ಖಾಲಿ ಕಾಣದಿರಲಿ ಅಂತ ಇರಬೇಕು.

ಬರೆದೇಬಿಡುತ್ತೇನೆ. ಮೂರು ತಿಂಗಳಿಂದ ಈ ಡೈರಿಗೂ ಹೇಳಿಲ್ಲ.

ಅಣ್ಣನಿಗೆ ಕಣ್ಣಿನ ನಡುಭಾಗ ಹೋಗಿದೆ. ಅಂಚಿನಲ್ಲಿ ಕಾಣುತ್ತೆ, ನೇರ ನೋಡಿದ ಕಡೆ ಮಸಿ. ಓಡಾಡಬಲ್ಲ, ಓದಲಾರ. ಯಾರಿಗೂ ಹೇಳಬೇಡ ಅಂತ ಅತ್ತಿಗೆ ನನ್ನೊಬ್ಬಳ ಕಿವಿಗೆ ಹಾಕಿದ್ದಳು. ಈ ಆಟದಲ್ಲಿ ಕೈಯಲ್ಲಿರೋ ಕಾರ್ಡು ಬೇರೆಯವರಿಗೆ ಕಾಣಬಾರದು. ಅವನಿಗೇ ಕಾಣದಿದ್ದರೆ? ಇನ್ನೊಬ್ಬರು ಓದಿ ಹೇಳಿದರೆ ಗುಟ್ಟೇ ರಟ್ಟು. ಡಿಸೆಂಬರಿನಲ್ಲಿ ಅವನ ಕಾರ್ಡುಗಳಿಗೆ ಹೊಸ ಚೀಲ ಹೊಲಿಯೋಕೆ ತಂದಿದ್ದೆ. ಸೂಜಿ ಕೈಯಲ್ಲೇ ಇತ್ತು. ಪ್ರತಿ ಕಾರ್ಡಿನ ಮೂಲೆಗೂ ಚುಚ್ಚಿದೆ — ಹಡಗಿಗೆ ಒಂದು ತೂತು, ಊರಿಗೆ ಎರಡು, ಮನುಷ್ಯರಿಗೆ ಮೂರು. ಬೆರಳಿಗೆ ಸಿಗಲಿ ಅಂತ. ಅವನನ್ನ ಕೇಳಲಿಲ್ಲ. ಒಳ್ಳೇದು ಮಾಡ್ತಿದ್ದೀನಿ ಅನ್ನೋ ಉಬ್ಬು ಬೇರೆ.

ಆ ವಾರದ ಶನಿವಾರ ಆಟದ ಮಧ್ಯೆ ಮಾತ್ರೆ ಅಣ್ಣನ ಒಂದು ಕಾರ್ಡು ಬೆಳಕಿಗೆ ಹಿಡಿದ. "ಇದೇನಿದು, ಗುರುತು ಮಾಡಿದ ಕಾರ್ಡು!" ಲಿಫ್ಟು ಹೋ ಅಂತ ನಕ್ಕ. "ಅಣ್ಣಯ್ಯ ಮೋಸ! ಇಷ್ಟು ವರ್ಷ ಗೆದ್ದಿದ್ದು ಹೀಗಾ?" ಅಣ್ಣನ ಮುಖ ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ. "ಅವನಿಗೆ ಕಣ್ಣು ಕಾಣಲ್ಲ! ನಾನೇ ಚುಚ್ಚಿದ್ದು!"

ಮೂರೂ ಜನ ತಲೆ ತಗ್ಗಿಸಿದರು. ಅಣ್ಣ ಕಾರ್ಡು ಜೋಡಿಸಿಟ್ಟ, ಛತ್ರಿ ತಗೊಂಡ, ಹೋದ.

ಮಾರ್ಚ್ 10, ಭಾನುವಾರ

ಅಣ್ಣನ ಮನೆ. ಅವನು ರೇಡಿಯೋ ಹತ್ತಿರ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅವಳಿಗೆ ಟೀ ಕೊಡು" ಅಂತ ಅತ್ತಿಗೆಗೆ ಹೇಳಿದ, ನಾನು ಎದುರಿಗೇ ಕೂತಿದ್ದೆ. ಐವತ್ತು ವರ್ಷದಿಂದ ನನ್ನನ್ನ ಪುಟ್ಟಿ ಅನ್ನುವವನು. ಡಿಸೆಂಬರಿನಿಂದ 'ಅವಳು'.

ಪುಸ್ತಕದ ಸುದ್ದಿ ಎತ್ತಲಿಲ್ಲ. ಟೀ ಕುಡಿದು ಬಂದೆ.

ಏಪ್ರಿಲ್ 20, ಶನಿವಾರ

ಆರು ವಾರ ಬರೆದೇ ಇಲ್ಲ. ಇವತ್ತು ಬರೆಯದಿದ್ದರೆ ನಿದ್ದೆ ಬರಲ್ಲ.

ಪುಸ್ತಕ ಬಂತು. ಇಟ್ಟಿಗೆ ಗಾತ್ರ. ಹೆಡ್‌ಮಿಸ್ಸು ಕಥೆ ನಡೆಸಿದರು, ಅಂದರೆ ಪುಟ ಹುಡುಕಿದರು. ಲಿಫ್ಟು ಮೊದಲೇ ಕಂಡೀಷನ್ ಹಾಕಿದ್ದ: "ನಾಟಕ ಗೀಟಕ ನನ್ನ ಕೈಲಾಗಲ್ಲ." ಅರ್ಧ ಗಂಟೆಯಲ್ಲಿ ಕುರ್ಚಿ ಮೇಲೆ ನಿಂತು ಹಡಗಿನ ಕ್ಯಾಪ್ಟನ್ ಆಗಿ ಕೂಗಾಡುತ್ತಿದ್ದ. ಅಂಗಡಿಗೆ ಕೆಮ್ಮಿನ ಔಷಧಿಗೆ ಬಂದವರೊಬ್ಬರು ಹೆದರಿ ಹೊರಟರಂತೆ. ನಾನು ಕಂಡ ಬಾಗಿಲೆಲ್ಲ ಒಡೆದೆ. ಕಾರ್ಡಿನಲ್ಲೂ ನನ್ನದು ಯಾವಾಗಲೂ ಮೊದಲು ಕೊಡಲಿ, ಗುಣ ಎಲ್ಲಿ ಹೋಗುತ್ತೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಹೊರಡುವಾಗ ಲಿಫ್ಟು ಜೇಬು ತಡಕಿದ. "ಅಯ್ಯೋ, ಕನ್ನಡಕಾನೇ ತಂದಿಲ್ಲ ನಾನು."

ಮೂರು ಗಂಟೆ ಆಡಿದ್ದ. ಕನ್ನಡಕವಿಲ್ಲದೆ ಬೋರ್ಡೂ ಓದಲಾರದವನು. ಅವನಿಗೂ ಗೊತ್ತಾಗಿಲ್ಲ, ನಮಗೂ ಗೊತ್ತಾಗಿಲ್ಲ. ಕೈಯಲ್ಲಿ ಮುಚ್ಚಿಡೋದು ಏನೂ ಇರಲಿಲ್ಲ, ಓದೋದೂ ಏನೂ ಇರಲಿಲ್ಲ.

ಬಾಗಿಲಲ್ಲೇ ನಿಂತುಬಿಟ್ಟೆ. ಮಾತ್ರೆಯೂ ನನ್ನ ಮುಖ ನೋಡಿದ. ಇಬ್ಬರೂ ಹತ್ತಿ ಪೆಟ್ಟಿಗೆ ಕಡೆ ತಿರುಗಿದೆವು.

ಏಪ್ರಿಲ್ 21, ಭಾನುವಾರ

ಈ ಸಲ ಕೇಳಿಯೇ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ.

"ಅಣ್ಣ, ಒಂದು ಕೇಳ್ಬೇಕು. ಬೇಡ ಅಂದ್ರೆ ಎದ್ದು ಹೋಗ್ತೀನಿ."

"ಹ್ಞೂಂ."

"ಅದಕ್ಕೂ ಮುಂಚೆ... ನಿನ್ನ ಕೇಳ್ದೆ ಚುಚ್ಚಿದ್ದು ತಪ್ಪು. ಎಲ್ಲರ ಮುಂದೆ ಬಾಯ್ಬಿಟ್ಟಿದ್ದು ಇನ್ನೂ ದೊಡ್ಡ ತಪ್ಪು."

ರೇಡಿಯೋ ಆರಿಸಿದ. "ಮೋಸ ಮಾಡ್ದ ಅಂದ್ಕೊಂಡಿದ್ರೂ ಜಗಳ ಆಡಿ ಮುಗಿಸ್ತಿದ್ದೆ. ಅಯ್ಯೋ ಪಾಪ ಅಂದ್ಕೊಂಡ್ರಲ್ಲ ಮೂರೂ ಜನ. ಅದು ಗೊತ್ತಾಗೋಕೆ ಕಣ್ಣೇನೂ ಬೇಕಾಗಿರ್ಲಿಲ್ಲ."

ನನಗೆ ಅಳು. ಅತ್ತುಬಿಟ್ಟೆ. ಆಮೇಲೆ ಹೊಸ ಆಟ ಹೇಗೆ ಅಂತ ಹೇಳಿದೆ. ಲಿಫ್ಟಿನ ಕನ್ನಡಕದ ಕಥೆಯನ್ನೂ. ಅವನ ತುಟಿ ಸ್ವಲ್ಪ ಅಲ್ಲಾಡಿತು.

"ದಾಳ ಯಾರು ಓದೋದು?"

"ಯಾರಾದ್ರೂ. ಟೇಬಲ್ ಮೇಲೆ ಬೀಳೋದು, ಎಲ್ಲರದೂ."

"ನೋಡೋಣ."

ಅಷ್ಟೇ. ಗೇಟಿನ ತನಕ ಬಂದ ಅತ್ತಿಗೆ ನನ್ನ ತೋಳು ಚಿವುಟಿದಳು. ಖುಷಿಯಾದಾಗ ಹಾಗೆ ಮಾಡುತ್ತಾಳೆ.

ಏಪ್ರಿಲ್ 27, ಶನಿವಾರ

ಬರಲಿಲ್ಲ. ಹತ್ತಿ ಪೆಟ್ಟಿಗೆ ಇಳಿಸಿ ಕುರ್ಚಿ ಒರೆಸಿಟ್ಟಿದ್ದೆವು. "ನಾನೇ ಹೋಗಿ ಎತ್ಕೊಂಡು ಬರ್ತೀನಿ" ಅಂದ ಲಿಫ್ಟು. ಬೇಡ ಅಂದೆ. ಕೇಳಿ ಆಗಿದೆ.

ಮೇ 4, ಶನಿವಾರ

ಮೂರೂ ಹತ್ತು. ಛತ್ರಿಯ ಟಕ್ ಟಕ್.

ಬಂದ! ಯಾರೂ ಏಳಲಿಲ್ಲ, ಯಾರೂ ಕೈ ಹಿಡಿಯಲಿಲ್ಲ. ಲಿಫ್ಟು ಏನೋ ಹೇಳೋಕೆ ಬಾಯಿ ತೆರೆದ, ಮಾತ್ರೆ ಅವನ ಕಾಲು ತುಳಿದ. ಹೆಡ್‌ಮಿಸ್ಸು ಆಟ ಶುರು ಮಾಡಿದರು. "ಉಪ್ಪಿನೂರಿನ ಹೆಬ್ಬಾಗಿಲು. ಅಲ್ಲಿ... ಒಂದು ನಿಮಿಷ... ಪುಟ ನೂರಾ..."

"ಎಡಕ್ಕೆ ಬಿರುಕು ಬಿಟ್ಟ ಗಂಟೆ," ಅಂದ ಅಣ್ಣ. "ಬಲಕ್ಕೆ ಮೂರು ಕಾಲಿನ ನಾಯಿ. ಕಾವಲುಗಾರ ಮಲಗಿದಾನೆ, ನಾಯಿ ಎದ್ದಿದೆ."

ಎಲ್ಲ ಕಾರ್ಡಿನ ಕೆಳಗಿನ ಸಾಲುಗಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನು. ಒಂದು ಸಲ ಓದಿದ್ದು ಅಲ್ಲೇ ಕೂರುತ್ತೆ. ನಾಲ್ಕನೇ ಸಲ ಪುಟ ಸಿಗದೆ ಹೋದಾಗ ಹೆಡ್‌ಮಿಸ್ಸು ಪುಸ್ತಕ ಮುಚ್ಚಿದರು. "ನೀವೇ ನಡೆಸಿ ಮಾರಾಯರೇ. ನನ್ನ ಬೆರಳು ಸವೀತು." ಅಯ್ಯೋ ಪಾಪ ಅಂತ ಅಲ್ಲ, ಅವರಿಗೆ ನಿಜವಾಗಿ ಬೇಜಾರಾಗಿತ್ತು. ಅದಕ್ಕೇ ಅಣ್ಣ ಒಪ್ಪಿದ.

ಆ ಪುಸ್ತಕ ಬರೆದವರು ಯಾರೋ, ಎಲ್ಲಿಯವರೋ. ಅವರ ಮನೆ ತಣ್ಣಗಿರಲಿ.

ಮೇ 9, ಗುರುವಾರ

ಗುಂಪಿನಲ್ಲಿ ಬರೆದೆ, ಅಣ್ಣನನ್ನ ಕೇಳಿಯೇ. "ನನ್ನ ಅಣ್ಣನಿಗೆ ಓದೋಕೆ ಕಣ್ಣಿಲ್ಲ. ಈ ಪುಸ್ತಕದಿಂದ ಮತ್ತೆ ಆಡ್ತಿದ್ದಾನೆ. ಬೈಯುವವರು ಬೈಯಿರಿ, ನಾನಂತೂ ಕೈ ಮುಗಿಯುತ್ತೇನೆ."

ಆಮೇಲೆ ಗಡ್ಡದಿಂದ ಧ್ವನಿ ಮೆಸೇಜು. ಮೊದಲ ಅಧ್ಯಾಯ ಪೂರ್ತಿ, ಗಟ್ಟಿಯಾಗಿ ಓದಿದ್ದು. ಮಧ್ಯೆ ಮಧ್ಯೆ "ಇದು ಶುದ್ಧ ತಪ್ಪು", "ಇವರ ತಲೆ". ಕೊನೆಗೆ, "ಅಣ್ಣಾ, ನಾಳೆ ಎರಡನೇದು ಕಳಿಸ್ತೀನಿ." ದನಿ ಕೇಳಿದರೆ ಗಡ್ಡ ಹೆಂಗಸು! ಇಷ್ಟು ವರ್ಷ ಅವನು ಇವನು ಅಂದೆವಲ್ಲ. ಅಣ್ಣ ಎರಡು ಸಲ ಕೇಳಿದ. ಬೈಗುಳ ಬಂದ ಕಡೆ ಮೂರು ಸಲ.

ಮೇ 11, ಶನಿವಾರ

ಆಟದಲ್ಲಿ ದೀಪಸ್ತಂಭದ ಮುದುಕಿಯ ಪುಟ ಬಂತು. ಅದರಲ್ಲಿ ಕಾರ್ಡಿನ ಆ ಒಂದು ಸಾಲು, ಕೆಳಗೆ "ಉಳಿದದ್ದು ನಿಮ್ಮ ಟೇಬಲ್ಲಿಗೆ ಬಿಟ್ಟಿದ್ದು" ಅಂತಷ್ಟೇ. ಬಿಟ್ಟಿದ್ದಾರೆ. ನಮಗೇ ಬಿಟ್ಟಿದ್ದಾರೆ.

ಅಣ್ಣ ನಡೆಸುತ್ತಿದ್ದ. "ದೀಪಸ್ತಂಭ. ಮೇಲೆ ದೀಪ ಇಲ್ಲ, ಆರು ತಿಂಗಳಿಂದ. ಬಾಗಿಲು ಹಾಕಿದೆ. ಒಳಗೆ ಯಾರೋ ಇದ್ದಾರೆ, ಉಸಿರಾಟ ಕೇಳ್ತಿದೆ. ಏನ್ಮಾಡ್ತೀಯ?"

ಲಿಫ್ಟು ಆಗಲೇ ದಾಳ ನನ್ನ ಕಡೆ ತಳ್ಳಿದ. "ಕೊಡಲಿ ತಾನೇ? ಹಾಕು."

ದಾಳ ಮುಟ್ಟಲಿಲ್ಲ. "ತಟ್ತೀನಿ. ಒಳಗೆ ಬರಬಹುದಾ ಅಂತ ಕೇಳ್ತೀನಿ."

ಮಾತ್ರೆ ನಕ್ಕ, ಹೆಡ್‌ಮಿಸ್ಸು ನಕ್ಕರು. ಅಣ್ಣ ನಗಲಿಲ್ಲ. ನನ್ನ ಕಡೆ ತಿರುಗಿದ, ಸ್ವಲ್ಪ ಓರೆಯಾಗಿ. ನನ್ನ ಮುಖ ಅಂಚಿನಲ್ಲಿ ಸಿಗೋದು ಹಾಗೇ.

"ಚಿಲಕ ತೆಗೆದ ಸದ್ದು," ಅಂದ. ಆಮೇಲೆ ಮುದುಕಿಯ ದನಿಯಲ್ಲಲ್ಲ, ಅವನದೇ ದನಿಯಲ್ಲಿ, "ಬಾ ಪುಟ್ಟಿ."

ಮೇ 18, ಶನಿವಾರ, 2.40

ಜಿಪ್ಪು ಐದು ಆಯಿತು, ಒಂದು ಬಾಕಿ. ಅಣ್ಣ ಆಗಲೇ ನನ್ನ ಹೊಲಿಗೆ ಅಂಗಡಿ ಬಾಗಿಲಲ್ಲಿ, ಛತ್ರಿ ನೆಲಕ್ಕೆ ಕುಟ್ಟುತ್ತಿದ್ದಾನೆ. "ಏನು ಬರೀತಿದ್ದೀಯೇ, ಹೊತ್ತಾಯ್ತು." ಎಣ್ಣೆ ತಂದಿದ್ದೀನಿ ಅಂತ ಮುದುಕಿಗೆ ಹೇಳಬೇಕು ಇವತ್ತು. ಅವಳು ಕಾಯುತ್ತಿದ್ದದ್ದು ಯಾರಿಗೆ ಅಂತ ನನಗೆ ಈಗ ಗೊ—