ಬಳೆಯಿಲ್ಲದ ಕವಳಿ ಕಂಟಿ

ನವಿಲುಕಂಟಿ ಗುಡ್ಡದ ಬುಡ,
ಮೇ ತಿಂಗಳ ನಲವತ್ತೊಂದನೆಯ ದಿನ, ೨೨೩೪

ಇನ್ನೂರು ವರ್ಷ ಹಿಂದಿರುವ ನಿಮಗೆ,

ಮೇಲಿನ ತಾರೀಖು ನೋಡಿ ನನಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಮುಂಗಾರಿನ ಮೊದಲ ಮಳೆ ನೆಲವನ್ನು ನೆನೆಸುವವರೆಗೆ ಮೇ ತಿಂಗಳು ಮುಗಿಯುವುದಿಲ್ಲ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಲವತ್ತು ದಾಟಿದ ಮೇಲೆ ಕಲಿತವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಇಷ್ಟೆಲ್ಲ ಕಷ್ಟಪಟ್ಟು ಬರೆಯುತ್ತಿರುವುದು ಒಂದು ಸುದ್ದಿಗಾಗಿ: ಇಂದು ಬೆಳಿಗ್ಗೆ ನಮ್ಮ ಗುಡ್ಡ ಕಾಡಾಯಿತು.

ನಿಮ್ಮ ಕಾಲದಲ್ಲಿ ಅದು ಕಲ್ಲಿನ ಗಣಿ. ಅರ್ಧ ಗುಡ್ಡವನ್ನು ಒಡೆದು ಸಾಗಿಸಿದ ಮೇಲೆ ಉಳಿದ ಬೋಳು ಮೈಗೆ ನಮ್ಮ ಮುತ್ತಜ್ಜಿಯರು ಕವಳಿ ಹಚ್ಚತೊಡಗಿದರು. ಮುಳ್ಳಿನ ಗಿಡ, ನೀರು ಕೇಳುವುದಿಲ್ಲ, ಬೇಸಿಗೆಯ ಕೊನೆಗೆ ಕಪ್ಪಗೆ ಹಣ್ಣಾಗುತ್ತದೆ. ಪ್ರತಿ ಸಸಿಯನ್ನು ನೆಡುವಾಗ ಅದರ ಕೊರಳಿಗೆ ಒಂದು ಗಾಜಿನ ಬಳೆ ತೊಡಿಸುವುದು ಅವರು ಹಾಕಿಕೊಟ್ಟ ಪದ್ಧತಿ. ಗಿಡ ದಪ್ಪವಾದಂತೆ ಬಳೆ ಒಡೆದು ಬೇರಿನಲ್ಲಿ ಹೂತುಹೋಗುತ್ತದೆ. ಯಾವ ಕಂಟಿಯ ಬುಡ ಕೆದಕಿದರೂ ಹಸಿರೋ ಕೆಂಪೋ ಒಂದು ಚೂರು ಸಿಗಬೇಕು. ಬಸುರಿಗೆ ಬಳೆ ತೊಡಿಸಿದ ಹಾಗೆ, ಇವಳು ನಮ್ಮವಳು ಎಂದು ಹೇಳುವ ರೀತಿ ಅದು.

ಕಾಡಾಗುವುದೆಂದರೆ ಏನೆಂದು ಹೇಳಬೇಕು. ನಾವು ನೆಟ್ಟದ್ದೆಲ್ಲ, ಎಷ್ಟೇ ದಟ್ಟವಾಗಿದ್ದರೂ, ಕಾನೂನಿಗೆ ತೋಟ. ತೋಟವನ್ನು ಯಾವಾಗ ಬೇಕಾದರೂ ಗಾಜುಹೊಲ ಮಾಡಬಹುದು. ಬಿಸಿಲನ್ನು ಕೊಯ್ಯಲು ಗಾಜಿನ ಹಲಗೆ ಹಾಸಿದ ಬಯಲಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮನುಷ್ಯರ ಕೈ ಸೋಕದೆ ಹುಟ್ಟಿ ಹಣ್ಣು ಬಿಟ್ಟ ಒಂದಾದರೂ ಗಿಡ, ಅಂದರೆ ಒಂದು ‘ತಾನ್‌ಹುಟ್ಟು’, ಸಿಕ್ಕಿದರೆ ಮಾತ್ರ ಆ ನೆಲ ಕಾಡು. ಆಮೇಲೆ ಅದನ್ನು ಯಾರೂ ಕಡಿಯುವಂತಿಲ್ಲ, ತಮ್ಮದು ಎನ್ನುವಂತಿಲ್ಲ. ಈ ತೀರ್ಪನ್ನು ಒಂದು ಊರು ಒಮ್ಮೆ ಮಾತ್ರ ಕೇಳಬಹುದು. ಗಾಜುಹೊಲದವರು ಅಳತೆ ಶುರು ಮಾಡಿದ್ದರಿಂದ ಈ ವರ್ಷ ಕೇಳಿಯೇಬಿಡೋಣ ಎಂದು ಸಭೆಯಲ್ಲಿ ಹಟ ಹಿಡಿದವಳು ನಾನು. ಆ ಹಟ ಧೈರ್ಯವೋ ಬರೀ ಅವಸರವೋ, ಗೆದ್ದ ಮೇಲೂ ನನಗೆ ಖಾತ್ರಿಯಿಲ್ಲ.

ಯಾಕೆಂದರೆ ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಗುಡ್ಡದಲ್ಲಿ ತಾನ್‌ಹುಟ್ಟು ಇರಲು ಸಾಧ್ಯವೇ ಇರಲಿಲ್ಲ. ಅದಕ್ಕೆ ಕಾರಣ ನಮ್ಮ ಅತಿ ಅಕ್ಕರೆ. ಒಂದು ಬೀಜವೂ ಹಾಳಾಗಬಾರದೆಂದು ಮೂರು ತಲೆಮಾರು ಪ್ರತಿ ಕಂಟಿಗೂ ಬಲೆ ಹೊದಿಸಿ, ಕೆಳಗೆ ಬಟ್ಟೆ ಹಾಸಿ, ಬಿದ್ದ ಪ್ರತಿ ಹಣ್ಣನ್ನೂ ಸಸಿಮನೆಗೆ ಒಯ್ದೆವು. ಗುಡ್ಡದಲ್ಲಿ ಹಣ್ಣು ತಿನ್ನುವುದು ಪಾಪ. ಪಿಕಳಾರ ಹಕ್ಕಿಗಳು ಬಲೆಯ ಮೇಲೆ ಕೂತು ಬೈದು ಹಾರಿಹೋಗುತ್ತಿದ್ದವು. ಹಕ್ಕಿ ತಿನ್ನದೆ, ಮನುಷ್ಯರು ಉಗುಳದೆ, ಬೀಜ ತಾನಾಗಿ ಎಲ್ಲಿಗೆ ಹೋಗಬೇಕು? ಇದು ಯಾರಿಗೂ ಹೊಳೆಯಲಿಲ್ಲ. ನನಗೂ ಇಲ್ಲ.

ಪದ್ಧತಿ ಮುರಿದದ್ದು ವಿಚಾರದಿಂದಲ್ಲ, ಬಯಕೆಯಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯ ಫಕೀರವ್ವ ಬಸುರಿಯಾಗಿದ್ದಳು. ಒಂದು ಬೆಳಿಗ್ಗೆ ನೇರ ಗುಡ್ಡ ಹತ್ತಿ, ಒಂದು ಕಂಟಿಯ ಬಲೆ ಕಿತ್ತೊಗೆದು, ನಿಂತಲ್ಲೇ ತಿನ್ನತೊಡಗಿದಳು. ಹಿರಿಯರು ಓಡಿಬಂದು ಕೂಗಾಡಿದರೆ ಅವಳು ಬಾಯಿ ತುಂಬ ಹಣ್ಣಿಟ್ಟುಕೊಂಡೇ ಹೇಳಿದಳು: “ನನಗ ಬ್ಯಾಡ್ರೀ, ಹೊಟ್ಟ್ಯಾಗಿನ ಕೂಸಿಗೆ ಬೇಕಾಗೇತಿ. ಬಿಡಸ್ಕೊಳ್ಳೂದಾದ್ರ ಅದರ ಕೈಯಾಗಿಂದ ಬಿಡಸ್ಕೊಳ್ರಿ ನೋಡೋಣು!” ಬಸುರಿಯ ಬಯಕೆಗೆ ಅಡ್ಡ ಬಂದವರು ನಮ್ಮೂರಲ್ಲಿ ಹಿಂದೆಯೂ ಇಲ್ಲ, ಇಂದಿಗೂ ಇಲ್ಲ. ಅವಳು ತಿನ್ನುತ್ತ, ಬೀಜ ಉಗುಳುತ್ತ ಇಡೀ ಇಳಿಜಾರು ಸುತ್ತಿದಳು. ಮರುದಿನ ಅವಳಿಗೆ ಜೊತೆಯೆಂದು ಆರು ಹೆಂಗಸರು ಹೋದರು. ಅವರಲ್ಲಿ ಯಾರೂ ಬಸುರಿಯಲ್ಲ.

ಹುಳಿನಡಿಗೆ ಹುಟ್ಟಿದ್ದು ಹಾಗೆ. ಬೇಸಿಗೆಯ ಕೊನೆಯ ದಿನಗಳಲ್ಲಿ ಎಳೆಬಿಸಿಲಿಗೆ ಎಲ್ಲರೂ ಹೊರಡುತ್ತೇವೆ. ತಲೆಗೆ ಒದ್ದೆ ಬಟ್ಟೆ, ಸೊಂಟದಲ್ಲಿ ಉಪ್ಪುಖಾರದ ಪುಡಿ, ಬೆರಳಿಗೆ ಎಣ್ಣೆ. ಕವಳಿಯ ಹಾಲು ಅಂಟಿದರೆ ಬೇಗ ಬಿಡುವುದಿಲ್ಲ. ಹಣ್ಣು ತಿಂದು ತುಟಿಗಳು ಅಂಟಿಕೊಂಡಾಗ ಜಗಳಗಂಟರೂ ಸುಮ್ಮನಿರುತ್ತಾರೆ. ಬಿಸಿಲುಗಂಟೆ ಹೊಡೆದ ಮೇಲೆ ಹೊರಗೆ ಯಾರೂ ಇರಬಾರದು, ಚರ್ಮ ಸುಡುತ್ತದೆ. ಅಷ್ಟರೊಳಗೆ ನಾಲಿಗೆ ಕೆಂಪಾಗಿ ಮನೆ ಸೇರಬೇಕು. ಬಲೆಗಳೆಲ್ಲ ಹೋದವು. ಪಿಕಳಾರ ಬಂದು ನಮ್ಮ ಪಾಲಿಗಿಂತ ಹೆಚ್ಚೇ ತಿಂದವು.

ತೀರ್ಪು ಕೊಡಲು ಬಂದವರು ಇಮಾಮಸಾಬ ನದಾಫ, ಮಿತಭಾಷಿ, ಕೈಗೆ ಕೈಗವಸು ತೊಟ್ಟವರು. ನಾಲ್ಕು ದಿನ ನಾವು ಆಸೆಯಿಂದ ತೋರಿಸಿದ ಪ್ರತಿ ಕಂಟಿಯ ಬುಡದಲ್ಲೂ ಬಳೆಚೂರು ಸಿಕ್ಕಿತು. ನಮ್ಮ ಮುತ್ತಜ್ಜಿಯರು ಒಂದನ್ನೂ ಮರೆತಿರಲಿಲ್ಲ. ಅವರ ಮೇಲೆ ನನಗೆ ಹೆಮ್ಮೆ, ಸಿಟ್ಟು ಎರಡೂ ಬಂದವು. ಇಂದು ಮೋಡ ಕವಿದಿತ್ತು. ಗಿಡದಲ್ಲಿ ಹಣ್ಣಿರುವವರೆಗೆ ಮಾತ್ರ ತೀರ್ಪಿಗೆ ಗಡುವು; ಮಳೆ ಬಿದ್ದರೆ ಹಣ್ಣು ಉದುರಿ ಅದೂ ಮುಗಿದಂತೆ. ಗಣಿಯ ಕಡಿದಾದ ಗೋಡೆಯಲ್ಲಿ, ಸಸಿ ನೆಡಲು ಕಾಲಿಡಲಾಗದ ಸೀಳಿನಲ್ಲಿ, ಪಿಕಳಾರ ಒಂದೇ ಸಮ ಗಲಾಟೆ ಮಾಡುತ್ತಿದ್ದವು. ಹಗ್ಗ ಕಟ್ಟಿಕೊಂಡು ನಾನು, ಫಕೀರವ್ವ, ನದಾಫರು ಇಳಿದೆವು. ಎದೆಮಟ್ಟದ ಕಂಟಿ, ಮೈತುಂಬ ಕಪ್ಪು ಹಣ್ಣು.

ನದಾಫರು ಕೈಗವಸು ಕಳಚಿ ಬೇರಿನ ಸಂದಿಗೆ ಬೆರಳು ಹಾಕಿ ನಿಂತುಬಿಟ್ಟರು.

“ಏನೋ ಗಟ್ಟಿ ಹತ್ತಾಕತ್ತೇತಿ,” ಎಂದರು.

ನನ್ನ ಹಟ, ಊರಿನ ಗುಡ್ಡ, ಎಲ್ಲ ಆ ಬೆರಳ ತುದಿಯಲ್ಲಿತ್ತು. ಫಕೀರವ್ವನಿಗೆ ತಡೆಯಲಾಗಲಿಲ್ಲ. “ಜಗ್ರಿ ಸಾಹೇಬ್ರ! ಬಳಿ ಇದ್ರ ನಿಮ್ಮ ಕೈಗೇ ಇಡಸ್ತೀನಿ!”

ಅವರು ಜಗ್ಗಿದರು. ಗಣಿಯ ಕಲ್ಲಿನ ಚಕ್ಕೆ. ಇನ್ನಷ್ಟು ಕೆದಕಿದರು, ಬೇರು, ಮಣ್ಣು, ಹಕ್ಕಿಯ ಹಿಕ್ಕೆ, ಮತ್ತೇನಿಲ್ಲ. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. “ಹುಳಿ ಅಂದ್ರ ಹುಳಿ ಬೇ ಯವ್ವಾ. ಕಾಡಿಂದಽ ಐತಿ,” ಎಂದರು. ಮೇಲೆ ನಿಂತಿದ್ದ ಊರು ಹಾಕಿದ ಕೇಕೆಗೆ ಹಕ್ಕಿಗಳೆಲ್ಲ ಎದ್ದವು. ಫಕೀರವ್ವ ಸಂತೋಷಕ್ಕೆ ತನ್ನ ಕೈಬಳೆ ಬಿಚ್ಚಿ ಗಿಡಕ್ಕೆ ತೊಡಿಸಲು ಹೋದಳು; ನಾನೂ ನದಾಫರೂ ಒಟ್ಟಿಗೆ ಅವಳ ಕೈ ಹಿಡಿದೆವು. ಮೂವರೂ ನಗುತ್ತ ಹಗ್ಗದಲ್ಲಿ ಜೋತಾಡಿದೆವು.

ಇಂದಿನಿಂದ ಗುಡ್ಡ ನಮ್ಮದಲ್ಲ. ನಾಳೆ ಹುಳಿನಡಿಗೆಗೆ ನಾವು ಅತಿಥಿಗಳಾಗಿ ಹೋಗುತ್ತೇವೆ. ಇಷ್ಟು ದೊಡ್ಡದನ್ನು ಕಳೆದುಕೊಂಡು ಇಷ್ಟು ಹಿಗ್ಗಿದವರು ಬೇರೆ ಯಾರಿದ್ದಾರೋ ನನಗೆ ತಿಳಿಯದು.

ನಿಮ್ಮಲ್ಲಿ ಇನ್ನೂ ಯಾರೂ ನೆಡದ ಕವಳಿ ಕಂಟಿಗಳಿವೆ ಎಂದು ಓದಿದ್ದೇನೆ. ಬೇಸಿಗೆಯ ಕೊನೆಗೆ ನಡೆದು ಹೋಗಿ. ನಿಂತಲ್ಲೇ ತಿನ್ನಿ, ತಿಂದಲ್ಲೇ ಉಗುಳಿ, ನಾಚಿಕೊಳ್ಳಬೇಡಿ. ಕೈಗೆ ನಿಲುಕಿದ್ದೆಲ್ಲ ನಿಮ್ಮದು. ಮೇಲಿನ ಕೊಂಬೆಯ ಹಣ್ಣಿಗೆ ಮಾತ್ರ ಕೋಲು ಹಾಕಬೇಡಿ, ಹಕ್ಕಿಗೆ ಬಿಡಿ. ಅದು ನಮ್ಮದು.

ಚಂಪಾವತಿ ಹಾದಿಮನಿ